ಕ್ಯಾಮೆರಾಕ್ಕೆ ಬಿಳುಪು ತೋರಿಸಿದ್ದು

೨೨ ಮಾರ್ಚ್ ೨೦೦೭, ಗುರುವಾರ

ಇಂದಿನಿಂದ ದಿನಚರಿ ಬರೆಯತಕ್ಕದ್ದೆಂದು ತೀರ್ಮಾನಿಸಿದ್ದೇನೆ. ಹೊಸಪೇಟೆಯಲ್ಲಿ ನನ್ನ ಮಾತು ಕೇಳುವ ಯೋಗ್ಯತೆ ಉಳ್ಳವನು ನಾನೊಬ್ಬನೇ ಎಂಬುದು ಇವತ್ತು ಖಚಿತವಾಯಿತು.

ಸಂಡೂರಿನ ಮದುವೆಯ ಡಿವಿಡಿ ವಾಪಸ್ ಬಂದಿದೆ. ಮೂರು ಕ್ಯಾಮೆರಾ ಇಟ್ಟು ತೆಗೆದ ಮದುವೆ. ಈ ಊರಿನಲ್ಲಿ ಮೂರು ಡಿಜಿಟಲ್ ಕ್ಯಾಮೆರಾ ಇರುವುದು ಗೋಪೀನಾಥ ವಿಡಿಯೋದಲ್ಲಿ ಮಾತ್ರ, ಅಂದರೆ ನನ್ನಲ್ಲಿ ಮಾತ್ರ. ಹುಡುಗಿಯ ತಂದೆ ಡಿವಿಡಿಯನ್ನು ನನ್ನ ಮೇಜಿನ ಮೇಲೆ ಹಳಸಿದ ವಡೆಯಂತೆ ಇಟ್ಟು ಹೇಳಿದರು: "ನಾವು ಮಗಳಿಗೆ ಒಂದು ಧಾರಿ ಸೀರಿ ತಂದಿದ್ವಿ. ನಿಮ್ಮ ಪಿಚ್ಚರ್‌ನಾಗ ಆಕಿ ಮೂರು ಉಟ್ಟಾಳಲ್ರೀ!"

ನಿಜವೇ. ಎದುರಿನ ಕ್ಯಾಮೆರಾದಲ್ಲಿ ಸೀರೆ ಕುಂಕುಮ, ಪಕ್ಕದ್ದರಲ್ಲಿ ಕಿತ್ತಳೆ, ಹಿಂದಿನದರಲ್ಲಿ ಬದನೆಕಾಯಿ. ಪುರೋಹಿತರು ಒಂದು ಮಂತ್ರ ಮುಗಿಸುವುದರೊಳಗೆ ವಧು ಮೂರು ಸೀರೆ ಬದಲಿಸುತ್ತಾಳೆ. ಆದರೆ ಅದನ್ನು ಹೇಳುವುದಕ್ಕೂ ಒಂದು ಅರ್ಹತೆ ಬೇಡವೆ? ಮೂರು ವರ್ಷದ ಹಿಂದೆ ಟ್ರ್ಯಾಕ್ಟರ್ ಓಡಿಸುತ್ತಿದ್ದು, ಅದಿರಿನಿಂದ ಸಾಹುಕಾರನಾದ ಮನುಷ್ಯ ನನಗೆ ಬಣ್ಣದ ಪಾಠ ಹೇಳುತ್ತಾನೆ. ಗುಡ್ಡದ ಅದಿರೆಲ್ಲ ಚೀನಾಕ್ಕೆ ಹೋಯಿತು; ಬದಲಿಗೆ ಅಲ್ಲಿಂದ ಬುದ್ಧಿ ತರಿಸಿಕೊಳ್ಳಲು ಯಾರಿಗೂ ತೋಚಲಿಲ್ಲ.

ಇದು ಸಾಲದೆಂದು ನನ್ನ ಎರಡನೇ ಕ್ಯಾಮೆರಾದವಳು ಬಾಯಿ ಹಾಕಿದಳು. ಕಂಪ್ಲಿಯ ಹುಡುಗಿ, ತ್ರಿವೇಣಿ ಎಂದು ಹೆಸರು. ಅರಿಶಿನ ಶಾಸ್ತ್ರಕ್ಕೆ ಗಂಡಸರು ಒಳಗೆ ಬರಬಾರದು ಎನ್ನುವ ಮನೆಗಳಿಗಾಗಿ ಹೋದ ವರ್ಷ ಇಟ್ಟುಕೊಂಡೆ. ಪಾಲಿಟೆಕ್ನಿಕ್ ಓದಿದ್ದಾಳಂತೆ, ಅದನ್ನು ಮರೆಯಲು ಬಿಡುವುದಿಲ್ಲ.

"ಸರ್, ಕ್ಯಾಮೆರಾಕ್ಕ ಬಿಳೀದು ಯಾವುದು ಅಂತ ತಾನಾಗಿ ಗೊತ್ತಾಗೂದಿಲ್ರಿ. ಟ್ಯೂಬ್‌ಲೈಟಿನಾಗ ಒಂದು, ಬಿಸಿಲಾಗ ಒಂದು ಅನ್ಕೊಂತೈತಿ. ಶುರು ಮಾಡೂ ಮುಂದ ಮೂರಕ್ಕೂ ಒಂದೇ ಬಿಳೀ ಅರಿವಿ ತೋರ್ಸಿ ಬಟನ್ ಒತ್ತಬೇಕು. ಇದು ಬಿಳೀದು ಅಂತ ಹೇಳಿಕೊಟ್ರ ಉಳಿದ ಬಣ್ಣ ತಾನೇ ಹೊಂದಿಸ್ಕೊಂತೈತಿ."

ಅದಕ್ಕೆಂದೇ ಅವಳ ಚೀಲದಲ್ಲಿ ಒಂದು ಹೊಸ ಬಿಳಿ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಕೊಂಡು ಕೂತಿದೆ, ಮಡಿಯುಟ್ಟ ಅತ್ತೆಯ ಹಾಗೆ.

"ಇಪ್ಪತ್ತೆಂಟು ವರ್ಷದ ಕಣ್ಣಿದು, ತಂಗಿ" ಅಂದೆ.

"ಕಣ್ಣು ನಿಮ್ಮದು ಸರ್. ಕ್ಯಾಮೆರಾದ್ದಲ್ಲಲ್ರಿ."

ಸಂಬಳ ಕೊಟ್ಟು ಇದನ್ನು ಕೇಳುತ್ತಿದ್ದೇನೆ.

೨೫ ಮಾರ್ಚ್, ಭಾನುವಾರ

ಬೆಳಿಗ್ಗೆ ಜಂಬವ್ವ ಹಿತ್ತಲ ಬಾಗಿಲಿಗೆ ಬಂದಳು. ಪಾಪಿನಾಯಕನಹಳ್ಳಿಯವಳು, ಲಾರಿ ಓಡುವ ರಸ್ತೆಯ ಮಗ್ಗುಲಲ್ಲೇ ಅರ್ಧ ಎಕರೆ ಮಲ್ಲಿಗೆ ತೋಟ. ಹನ್ನೆರಡು ವರ್ಷದಿಂದ ನಮ್ಮ ದೇವರಿಗೆ ಹೂವು ಅವಳದೇ. ಇವತ್ತು ಹೂವಿನ ಜೊತೆ ಒಂದು ವ್ಯಾಜ್ಯವನ್ನೂ ತಂದಿದ್ದಳು.

ಅದಿರು ಲಾರಿಗಳ ಕೆಂಪು ಧೂಳು ಮೊಗ್ಗಿನ ಮೇಲೆ ಕೂರುತ್ತದೆ, ಪೇಟೆಯ ಹೂವಿನವರು ಮುಟ್ಟುವುದಿಲ್ಲ. "ಕೆಂಪ್ ಮಲ್ಲಿಗಿ ಹೆಣಕ್ಕೂ ಏರ್ಸಾಂಗಿಲ್ಲ ಅಂತಾರ್ರಿ ಸ್ವಾಮೇರ." ಲಾರಿಗಳು ಉಚ್ಚೆಂಗೆಪ್ಪನವು. ಹೂವು ಬಿಡಿಸುವ ಮುಂಚೆ ದಿನಕ್ಕೆ ಎರಡು ಸಲ ರಸ್ತೆಗೆ ನೀರು ಹೊಡೆಸು ಎಂದರೆ ಆತ, "ಧೂಳು ನಂದಲ್ಲಬೇ, ಗಾಳೀದು" ಎಂದನಂತೆ. ಬೇಕಾದರೆ ಗಿಡ ಕಿತ್ತು ತೋಟವನ್ನು ತನ್ನ ಲಾರಿ ನಿಲ್ಲಿಸಲು ಬಾಡಿಗೆಗೆ ಕೊಡು, ಬಸವ ಜಯಂತಿಯಿಂದ ಶುರು ಮಾಡೋಣ ಎಂದೂ ಹೇಳಿದ್ದಾನೆ. ಪಕ್ಕದ ನಾಲ್ಕು ತೋಟ ಆಗಲೇ ಲಾರಿ ನಿಲ್ದಾಣಗಳಾಗಿವೆ.

ಉಚ್ಚೆಂಗೆಪ್ಪ ಈ ಲೋಕದಲ್ಲಿ ಒಬ್ಬರ ಮಾತನ್ನು ಮಾತ್ರ ಮೀರುವುದಿಲ್ಲ. ಕಂಪ್ಲಿಯ ಅಕ್ಕಿ ಗಿರಣಿ ಯಜಮಾನರು ಕೊಟ್ರಬಸಪ್ಪನವರದು. ಆತನ ಮೊದಲ ಲಾರಿಗೆ ಮೊದಲ ಮೂಟೆ ಏರಿಸಿದ್ದು ಅವರು. ಜಂಬವ್ವ ಅಲ್ಲಿಗೂ ಹೋಗಿ ಬಂದಿದ್ದಾಳೆ. ಯಜಮಾನರಿಗೆ ಮೊಣಕಾಲು ನೋವು, ತೋಟಕ್ಕೆ ಬರಲಾರರು. ಹೂವನ್ನು ಅಲ್ಲಿಗೆ ಒಯ್ದರೆ ದಾರಿಯಲ್ಲಿ ಧೂಳು ಬಿತ್ತು ಎನ್ನುತ್ತಾನೆ ಉಚ್ಚೆಂಗೆಪ್ಪ. ಆದ್ದರಿಂದ ಅಪ್ಪಣೆಯಾಯಿತು: ಗಿಡದ ಮೇಲಿನ ಹೂವನ್ನೇ ವಿಡಿಯೋ ಹಿಡಿಸಿ ತಾ, ಟಿ.ವಿ.ಯಲ್ಲಿ ನೋಡಿ ಹೇಳುತ್ತೇನೆ.

"ಅಲ್ಲ ಜಂಬವ್ವ, ನಮ್ಮನಿಗೆ ಬರೂ ಹೂವು ದಿನಾ ಬೆಳ್ಳಗೇ ಇರತಾವಲ್ಲ?" ಎಂದು ಕೇಳಿದೆ.

ಜಂಬವ್ವ ನನ್ನ ಹೆಂಡತಿ ಮಾಧವಿಯನ್ನು ನೋಡಿದಳು. ಮಾಧವಿ ನೀರಿನ ಕೊಡವನ್ನು ನೋಡಿದಳು. ಹೆಂಗಸರ ನೋಟಗಳಿಗೆ ಅರ್ಥ ಹಚ್ಚುತ್ತ ಕೂರುವಷ್ಟು ಪುರಸತ್ತು ನನಗಿಲ್ಲ.

ಒಪ್ಪಿಕೊಂಡೆ. ಕರುಣೆಯಿಂದಲ್ಲ. ಬಣ್ಣವೆಂದರೇನು ಎಂಬುದನ್ನು ಒಮ್ಮೆ ಕಂಪ್ಲಿಗೆ ತೋರಿಸಿಕೊಡಬೇಕಾಗಿದೆ.

೨೯ ಮಾರ್ಚ್, ಗುರುವಾರ

ಪಾಪಿನಾಯಕನಹಳ್ಳಿ. ಒಂದು ತಾಸಿನಲ್ಲಿ ಅರವತ್ತೆರಡು ಲಾರಿ. ಒಂದೊಂದು ಹೋದಾಗಲೂ ನಾನು ಎಲ್ಲಿದ್ದೇನೆಂದು ನನಗೇ ಕಾಣಿಸುತ್ತಿರಲಿಲ್ಲ, ಬೇರೆಯವರು ಕಾಣದಿದ್ದುದರಿಂದ ನಷ್ಟವೇನಿಲ್ಲ.

ಕ್ಯಾಮೆರಾಕ್ಕೆ ಮೊದಲು ಬಿಳುಪು ತೋರಿಸಿಯೇ ಶುರು ಮಾಡುವುದೆಂದು ನಾನು ಸ್ವತಂತ್ರವಾಗಿ ಆಲೋಚಿಸಿ ನಿರ್ಧರಿಸಿದ್ದೆ. ಆ ಹುಡುಗಿ ಚೀಲದಿಂದ ಬಟ್ಟೆ ತೆಗೆಯಹೊರಟಳು. ತಡೆದೆ.

"ಮಲ್ಲಿಗಿ ತೋಟದಾಗ ನಿಂತು ಯಾರಾದ್ರೂ ಬಿಳೀದಕ್ಕಂತ ಅರಿವಿ ಹುಡುಕ್ತಾರೇನವಾ? ನಮ್ಮ ಹಿರಿಯರು ಹಲ್ಲಿಗೆ ಮಲ್ಲಿಗೆ ಹೋಲಿಸಿದ್ರು, ನಗುವಿಗೆ ಹೋಲಿಸಿದ್ರು. ನಿನ್ನ ಪಾಲಿಟೆಕ್ನಿಕ್ಕಿನ ಅರಿವಿಗೆ ಯಾರೂ ಹೋಲಿಸಿಲ್ಲ."

"ಸರ್, ಆ ಹೂವು..."

"ಮಾತು ಬ್ಯಾಡ. ಕೆಲಸ ನಡದದ."

ಜಂಬವ್ವನ ಕೈಯಲ್ಲಿ ಬೊಗಸೆ ತುಂಬ ಮಲ್ಲಿಗೆ ಹಿಡಿಸಿದೆ. ಲೆನ್ಸಿನ ತುಂಬ ಹೂವೇ ಕಾಣುವಂತೆ ಹತ್ತಿರ ಹೋಗಿ ಬಟನ್ ಒತ್ತಿದೆ. ಕಿಂಡಿಯೊಳಗಿನ ಗುರುತು ನಾಲ್ಕು ಸಲ ಮಿಟುಕಿ, ಅರ್ಥವಾಯಿತು ಗುರುಗಳೇ ಎಂಬಂತೆ ನಿಂತಿತು. ಮೂರು ಕ್ಯಾಮೆರಾಕ್ಕೂ ಇದೇ ಉಪದೇಶ. ಆಮೇಲೆ ಗಿಡ, ಮೊಗ್ಗು, ಎಲೆ, ರಸ್ತೆ, ಲಾರಿ, ಜಂಬವ್ವ, ಎಲ್ಲ ಹಿಡಿದೆ. ಮೂರರಲ್ಲೂ ಬಣ್ಣ ಒಂದೇ! ಮನೆಗೆ ಬಂದು ಕ್ಯಾಮೆರಾದ ಪುಟ್ಟ ಪರದೆಯಲ್ಲೇ ಟೇಪುಗಳ ಮೊದಲ ಎರಡು ನಿಮಿಷ ಹಾಕಿ, ಮೂರೂ ಹೊಂದುತ್ತವೆಯೇ ಎಂದಷ್ಟೇ ನೋಡಿದೆ. ಅಕ್ಕತಂಗಿಯರಲ್ಲ, ಅವಳಿಗಳು.

ಆ ಹುಡುಗಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ಸೋಲೊಪ್ಪಿಕೊಳ್ಳುವ ಸೌಜನ್ಯವಾದರೂ ಇದೆ.

೧ ಏಪ್ರಿಲ್, ಭಾನುವಾರ

ತಾರೀಖನ್ನು ನಾನು ಆರಿಸಿದ್ದಲ್ಲ.

ಗಿರಣಿಯ ಕಚೇರಿ. ಬೆತ್ತದ ಕುರ್ಚಿಯಲ್ಲಿ ಕೊಟ್ರಬಸಪ್ಪನವರು. ಪಕ್ಕದಲ್ಲಿ ಉಚ್ಚೆಂಗೆಪ್ಪ, ಗಂಜಿ ಹಾಕಿದ ಬಿಳಿ ಅಂಗಿ, ಬಿಳಿ ಪ್ಯಾಂಟು, ಬೆರಳಿಗೊಂದು ಉಂಗುರ. ಬಾಗಿಲ ಬಳಿ ನೆಲದ ಮೇಲೆ ಜಂಬವ್ವ. ಟಿ.ವಿ. ಹಚ್ಚಿದೆ.

ಮಲ್ಲಿಗೆ ಹಾಲಿನಂತೆ ಬೆಳ್ಳಗಿತ್ತು.

ಹಾಲಿನಂತೆ ಎಂದರೆ ನಿಜವಾಗಿ ಹಾಲಿನಂತೆ. ಎಲೆಗಳು ಆಗತಾನೆ ಮಳೆಯಲ್ಲಿ ಮಿಂದ ಹಾಗೆ ಹಚ್ಚಗಿದ್ದವು. ರಸ್ತೆಯ ಕೆಂಪು ಹೋಗಿ ಬೂದಿ ಬೆರೆತ ಮಣ್ಣಿನ ಬಣ್ಣ ಬಂದಿತ್ತು. ಧೂಳಿನ ಮೋಡ ಬೆಳಗಿನ ಮಂಜಿನಂತೆ ತೇಲುತ್ತಿತ್ತು. ಜಂಬವ್ವನ ಮುಖವೊಂದೇ ಕೆಟ್ಟದ್ದು, ಅದು ಹುಣಸೆಕಾಯಿಯಷ್ಟು ಹಸಿರಾಗಿತ್ತು.

"ಎಂಥಾ ಮಲ್ಲಿಗಿ ಯಜಮಾನ್ರ!" ಉಚ್ಚೆಂಗೆಪ್ಪ ತೊಡೆ ತಟ್ಟಿಕೊಂಡ. "ನಮ್ಮ ಲಾರಿ ಗಾಳಿಗೇ ಹಿಂಗ ಬೆಳದಾವು ನೋಡ್ರಿ! ಕ್ಯಾಮೆರಾ ಸ್ವಾಮಿ, ನನಗೊಂದು ಕಾಪಿ ಕೊಡ್ರಿ, ನಮ್ಮ ಆಫೀಸಿನಾಗ ಹಾಕ್ತೀನಿ."

ಕೊಟ್ರಬಸಪ್ಪನವರು ಜಂಬವ್ವನ ಕಡೆ ತಿರುಗಿದರು. "ಯವ್ವಾ, ಇದು ಬೆಳ್ಳಗೈತಲ್ಲ?"

ಜಂಬವ್ವ ಎದ್ದು ಟಿ.ವಿ. ಹತ್ತಿರ ಹೋದಳು, ಗಾಜಿನ ಮೇಲಿನ ತನ್ನದೇ ಹೂವನ್ನು ಬೆರಳಿನಿಂದ ಮುಟ್ಟಿದಳು. "ಹೌದ್ರೀ ಯಪ್ಪಾ. ಬೆಳ್ಳಗೈತಿ" ಅಂದಳು. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.

ಕಂಪ್ಲಿಯ ಟಿ.ವಿ.ಯನ್ನು ಏಳು ವರ್ಷದಿಂದ ಯಾರೂ ಒರೆಸಿಲ್ಲ. ತಪ್ಪು ಅಲ್ಲೇ ಇದೆ.

೨ ಏಪ್ರಿಲ್, ಸೋಮವಾರ

ನಮ್ಮ ಮನೆಯ ಟಿ.ವಿ.ಯಲ್ಲಿ ಹಾಕಿದೆ. ಇಲ್ಲಿಯೂ ಬೆಳ್ಳಗಿದೆ.

೪ ಏಪ್ರಿಲ್, ಬುಧವಾರ

ಜಂಬವ್ವ ಎಂದಿನಂತೆ ಹೂವು ಕೊಟ್ಟು ಹೋದಳು. ಬೈಯಲಿಲ್ಲ. ಇವರಿಗೆಲ್ಲ ಬೈಯುವುದಕ್ಕೂ ಬರುವುದಿಲ್ಲ.

೫ ಏಪ್ರಿಲ್, ಗುರುವಾರ

ಇವತ್ತು ಬೇಗ ಎದ್ದಿದ್ದರಿಂದ ಒಂದು ಅಪರಾಧಕ್ಕೆ ಸಾಕ್ಷಿಯಾದೆ. ಮಾಧವಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ದೇವರ ಹೂವನ್ನು ಬಟ್ಟಲ ನೀರಿನಲ್ಲಿ ಅದ್ದಿ ಅದ್ದಿ ತೆಗೆಯುತ್ತಿದ್ದಳು. ನೀರು ಇಟ್ಟಿಗೆ ಕಲಸಿದಂತಿತ್ತು.

"ದೇವರ ಹೂವು ತೊಳೀಬಾರದು ಅಂತ ನಿನಗ ಗೊತ್ತಿಲ್ಲೇನು?"

"ಗೊತ್ತದ್ರೀ. ಕೆಮ್ಮಣ್ಣು ದೇವರ ತಲೀ ಮ್ಯಾಲೆ ಹಾಕಬಾರದು ಅಂತನೂ ಗೊತ್ತದ. ಮೂರು ವರ್ಷದಿಂದ ತೊಳೀಲಿಕ್ಕೆ ಹತ್ತೇನಿ. ತೊಳೆದದ್ದು ತಾಸಿನಾಗ ಬಾಡತದ, ಆದ್ರ ನೀವು ಪೂಜಾಕ್ಕ ಕೂತಾಗ ಬೆಳ್ಳಗಿದ್ರ ಸಾಕಲ್ಲ."

ತೊಳೆಯದ ಒಂದು ಹೂವನ್ನು ತಂದು ಈ ದಿನಚರಿಯ ಹಾಳೆಯ ಮೇಲೆ ಇಟ್ಟೆ, ಇದೇ ಹಾಳೆ. ಹೆಂಗಸರು ಬೆರಳಿಗೆ ಹಚ್ಚಿದ ಮದರಂಗಿ ಮಾಸುತ್ತ ಬಂದ ಬಣ್ಣ ಹೂವಿಗಿತ್ತು. ಅದು ವಿಶೇಷವಲ್ಲ. ಹೂವಿಟ್ಟ ನನ್ನ ಕೈಯ ಅಂಗಿ ತೋಳು ಹಾಳೆಯ ಮೇಲೆ ಬಿದ್ದಿತ್ತಲ್ಲ, ಅದೂ ಹೆಚ್ಚುಕಡಿಮೆ ಅದೇ ಬಣ್ಣದ್ದಿತ್ತು. ಇದು ನನ್ನ ಬಿಳಿ ಅಂಗಿ. ನನ್ನ ಹತ್ತಿರ ಇರುವುದೆಲ್ಲ ಬಿಳಿ ಅಂಗಿಗಳೇ.

"ಇದೇನಿದು?" ಎಂದು ಕೇಳಿದೆ.

"ಎಷ್ಟು ನೀಲಿ ಹಾಕಿದ್ರೂ ಹೋಗೂದಿಲ್ರೀ. ಹೇಳಿದ್ರ ನಿನಗ ಒಗೀಲಿಕ್ಕೆ ಬರೂದಿಲ್ಲ ಅಂತೀರಿ. ಅದಕ್ಕ ಸುಮ್ಮನಿದ್ದೆ."

ಸಂಗತಿ ಇಷ್ಟು. ಧೂಳು ಕೂತ ಹೂವನ್ನು ತೋರಿಸಿ, ಇದೇ ಬಿಳುಪು, ಇದರಿಂದ ಲೆಕ್ಕ ಹಾಕು ಎಂದು ನಾನು ಕ್ಯಾಮೆರಾಕ್ಕೆ ಹೇಳಿದೆ. ಅದು ಪಾಪ, ಗುರುವಾಕ್ಯ ನಂಬಿ ಅಷ್ಟು ಕೆಂಪನ್ನು ಎಲ್ಲದರಿಂದ ಕಳೆದುಹಾಕಿತು. ಲೋಕದಲ್ಲಿ ನನ್ನ ಮಾತನ್ನು ಒಂದಕ್ಷರ ಬಿಡದೆ ಪಾಲಿಸಿದ್ದು ಆ ಜಪಾನಿ ಯಂತ್ರವೊಂದೇ, ಅದಕ್ಕೂ ನಾನು ಹೇಳಿದ್ದು ತಪ್ಪು.

ಹಾಳೆಯ ಮೇಲೆ ಕೆಂಪು ಕಲೆ ಉಳಿದಿದೆ. ಅಳಿಸಲು ಹೋಗಿ ದೊಡ್ಡದು ಮಾಡಿದೆ.

೭ ಏಪ್ರಿಲ್, ಶನಿವಾರ

ಕೊಟ್ರಬಸಪ್ಪನವರಿಗೆ ಫೋನು. ಇನ್ನೊಂದು ಸಲ ನೋಡಬೇಕೆಂದೆ. "ಯಾಕ್ರೀ, ಆ ಸಲ ಬರೋಬ್ಬರಿ ಕಂಡಿತ್ತಲ್ಲ?" ಎಂದರು. ಲೈನು ಸರಿಯಿಲ್ಲ ಎಂಬಂತೆ ಕೆಮ್ಮಿದೆ. ಹದಿನೈದಕ್ಕೆ ಬರಹೇಳಿದ್ದಾರೆ. ಅದಾಗಿ ಐದು ದಿನಕ್ಕೆ ಬಸವ ಜಯಂತಿ. ಗಿಡ ಕೀಳಲು ಉಚ್ಚೆಂಗೆಪ್ಪ ಜೆಸಿಬಿಗೂ ಹೇಳಿಟ್ಟಿದ್ದಾನಂತೆ. ಅರ್ಧ ಎಕರೆ ಮಲ್ಲಿಗೆಗೆ ಜೆಸಿಬಿ! ಇವರು ಹಲ್ಲಿಗೆ ಸಿಕ್ಕಿದ ಸೊಪ್ಪನ್ನೂ ಅದರಲ್ಲೇ ತೆಗೆಸಿಕೊಂಡಾರು.

೯ ಏಪ್ರಿಲ್, ಸೋಮವಾರ

ಮತ್ತೆ ಪಾಪಿನಾಯಕನಹಳ್ಳಿ. ತ್ರಿವೇಣಿಗೆ "ನಿನ್ನ ಅರಿವಿ ತಂದೀಯೇನು?" ಎಂದು ಸಹಜವಾಗಿ ವಿಚಾರಿಸಿದೆ. ಅವಳು ಹೂಂ ಅಂದಳು, ಅಷ್ಟೆ. ಅಂದೇ ಹೇಳಿದ್ದೆನಲ್ರೀ ಎನ್ನಲಿಲ್ಲ. ಅನ್ನುತ್ತಾಳೆಂದು ನಾನು ನಾಲ್ಕು ಉತ್ತರ ತಯಾರಿಸಿಕೊಂಡು ಹೋಗಿದ್ದೆ, ಎಲ್ಲ ದಂಡವಾದವು.

ಕವರಿನಿಂದ ತೆಗೆದ ತಕ್ಷಣ, ಮುಂದಿನ ಲಾರಿ ಬರುವುದರೊಳಗೆ ಬಟನ್ ಒತ್ತಿ, ಬಟ್ಟೆಯನ್ನು ಒಳಗಿಡಬೇಕು. ಎರಡು ಲಾರಿಗಳ ನಡುವೆ ಒಂದೇ ನಿಮಿಷ. ಆಮೇಲೆ ಅವಳೇ ಒಂದು ಉಪಾಯ ಮಾಡಿದಳು. ಗಿಡದ ಕೊಂಬೆಯ ಕೆಳಗೆ ಬಟ್ಟೆ ಹಿಡಿದು ಹೂವನ್ನೂ ಬಟ್ಟೆಯನ್ನೂ ಒಟ್ಟಿಗೇ ಚಿತ್ರದಲ್ಲಿ ತಂದಳು. ಕ್ಯಾಮೆರಾ ಏನೇ ತಪ್ಪಿದರೂ ಎರಡರ ನಡುವಿನ ಅಂತರ ಎಲ್ಲಿಗೆ ಹೋದೀತು? ನಾನು ಕೊಂಬೆ ಹಿಡಿದುಕೊಂಡಿದ್ದೆ.

ಜಂಬವ್ವ ಮಜ್ಜಿಗೆ ಕೊಟ್ಟಳು. "ಈ ಸಲಾನೂ ಬೆಳ್ಳಗೇ ಬಂದ್ರ ಬಿಡ್ರಿ ಸ್ವಾಮೇರ. ನನ್ನ ಹಣೇಬರಾನೇ ಬೆಳ್ಳಗೈತಿ ಅನ್ಕೊಂತೀನಿ." ಮಜ್ಜಿಗೆಯಲ್ಲೂ ಧೂಳಿತ್ತು. ಪೂರ್ತಿ ಕುಡಿದೆ.

೧೫ ಏಪ್ರಿಲ್, ಭಾನುವಾರ

ಸುಮ್ಮನೆ ಹೊಸ ಚಿತ್ರ ಹಾಕಿ, ಹಳೆಯದರ ಸುದ್ದಿ ಎತ್ತದೆ ಎದ್ದು ಬರುವುದು ನನ್ನ ಯೋಜನೆಯಾಗಿತ್ತು. ದೊಡ್ಡವರು ಹಾಗೆಯೇ ಮಾಡುತ್ತಾರೆ.

ಬಿಳಿ ಬಟ್ಟೆಯ ಮೇಲೆ ಕೆಂಪಾದ ಮಲ್ಲಿಗೆ ಕಂಡದ್ದೇ ಉಚ್ಚೆಂಗೆಪ್ಪ ಎದ್ದು ನಿಂತ. "ಹಾಂ! ಹೋದ ಸಲ ಬಿಳೇದು, ಈ ಸಲ ಕೆಂಪು! ಯಜಮಾನ್ರ, ಇವ್ರು ಕಂಪ್ಯೂಟರ್‌ನಾಗ ಬಣ್ಣ ಕಲಸ್ಯಾರ. ಸ್ವಾಮಿ, ನೀವು ಸುಳ್ಳು ಹೇಳಿದ್ದು ಆವಾಗೋ, ಈವಾಗೋ? ಅದೊಂದು ಹೇಳಿಬಿಡ್ರಿ."

ಕೊಟ್ರಬಸಪ್ಪನವರು ನನ್ನನ್ನು ನೋಡಿದರು. "ಹೇಳ್ರಿ ಗೋಪೀನಾಥ್ರ."

ಟಿ.ವಿ. ಹಳೆಯದು ಎನ್ನಬಹುದಿತ್ತು. ಅಂದು ಮೋಡವಿತ್ತು ಎನ್ನಬಹುದಿತ್ತು. ಹುಡುಗಿ ಹೊಸಬಳು, ತಪ್ಪು ಒತ್ತಿದಳು ಎಂಬುದು ನಾಲಿಗೆಯ ತುದಿಗೇ ಬಂದಿತ್ತು, ಚೊಕ್ಕ ವಾಕ್ಯ, ನಾಲ್ಕೇ ಮಾತು. ಬಾಗಿಲಲ್ಲಿ ಜಂಬವ್ವ ಆಗಲೇ ಸೆರಗು ಸರಿಮಾಡಿಕೊಂಡು ಏಳಲು ಅನುವಾಗಿದ್ದಳು.

"ಆವಾಗ" ಅಂದೆ.

ಮೂರಕ್ಷರ. ಇಪ್ಪತ್ತೆಂಟು ವರ್ಷ ಟ್ರೈಪಾಡು ಹೊತ್ತಿದ್ದೇನೆ, ಇಷ್ಟು ಭಾರ ಎತ್ತಿದ್ದಿಲ್ಲ.

ಆಮೇಲೆ ಕ್ಯಾಮೆರಾದ ವೈರನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿ ಅದರ ಎದುರು ನಾನೇ ನಿಂತೆ. "ನನ್ನ ಅಂಗಿ ಯಾವ ಬಣ್ಣದ್ದು?" ಎಲ್ಲರೂ ಬಿಳೇದು ಅಂದರು. ತ್ರಿವೇಣಿ ಆ ಅಂಗಿಯನ್ನೇ ಲೆನ್ಸಿನ ತುಂಬ ಹಿಡಿದು ಬಟನ್ ಒತ್ತಿದಳು. ಟಿ.ವಿ.ಯಲ್ಲಿ ಅಂಗಿ ಬೆಳ್ಳಗೆ, ನನ್ನ ಮೋರೆ ಹಸಿರು. "ಹಿಂಗ ಆದದ್ದು ಆವಾಗ" ಅಂದೆ. ಬಳಿಕ ಅವಳು ಕವರಿನಿಂದ ಬಟ್ಟೆ ತೆಗೆದು ನನ್ನ ಹೆಗಲ ಮೇಲೆ ಹಾಸಿ, ಈಗ ಅದನ್ನು ಹಿಡಿದು ಒತ್ತಿದಳು.

ಟಿ.ವಿ.ಯಲ್ಲಿ ನನ್ನ ಅಂಗಿ ಓಕುಳಿಯಾಡಿದ ಮರುದಿನ ಒಗೆದ ಅಂಗಿಯಾಯಿತು. ಗಿರಣಿಯ ಹಮಾಲರೆಲ್ಲ ಕಿಟಕಿಗೆ ಬಂದು ನಕ್ಕರು. ಉಚ್ಚೆಂಗೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಕೊಟ್ರಬಸಪ್ಪನವರು ನಗಲಿಲ್ಲ. "ಉಚ್ಚೆಂಗ್ಯಾ, ನೀನೂ ಹೋಗಿ ಅವ್ರ ಬಾಜೂ ನಿಂದ್ರು."

"ನಾನ್ಯಾಕ್ರಿ ಯಜಮಾನ್ರ..."

"ನಿಂದ್ರಲೇ."

ನಿಂತ. ಆ ಗಂಜಿಯ ಅಂಗಿ ನನ್ನದಕ್ಕಿಂತ ಒಂದು ಪಾಲು ಹೆಚ್ಚೇ ಕೆಂಪಿತ್ತು. ಕಿಟಕಿಯ ಹಮಾಲರು ತಲೆ ಹಿಂದೆಳೆದುಕೊಂಡರು. ಆತ ಟಿ.ವಿ.ಯನ್ನೂ ತನ್ನ ಎದೆಯನ್ನೂ ಎರಡೆರಡು ಸಲ ನೋಡಿಕೊಂಡು, "ಮನ್ಯಾಗ ಮೂರು ವಾಷಿಂಗ್ ಮಷೀನ್ ಅದಾವ್ರಿ" ಎಂದ, ಯಾರಿಗೆ ಹೇಳಿದನೋ. ಬಾಗಿಲ ಬಳಿಯಿಂದ ಒಂದೇ ಒಂದು ನಗು ಕೇಳಿತು. ಜಂಬವ್ವ, ಬಾಯಿಗೆ ಸೆರಗು ಒತ್ತಿಕೊಂಡಿದ್ದರೂ.

"ಅಕ್ಕಿ ನೋಡೂ ಮುಂದ ನಾವು ಕರೇ ಅರಿವಿ ಮ್ಯಾಲೆ ಸುರುವಿ ನೋಡ್ತೀವಿ" ಎಂದರು ಕೊಟ್ರಬಸಪ್ಪನವರು. "ಅಕ್ಕೀನ ಅಕ್ಕೀ ಮ್ಯಾಲೇ ಇಟ್ಟು ನೋಡಿದ್ರ ನುಚ್ಚೂ ಒಂದೇ, ಕಲ್ಲೂ ಒಂದೇ. ನಾಳಿಂದ ದಿನಕ್ಕ ಎರಡು ಟ್ಯಾಂಕರ್ ನೀರು. ಆಕಿ ಹೂವು ಬಿಡಿಸೂ ಮುಂಚೆ ಒಂದು. ಲೋಡಿಗೆ ತಾಡಪಾಲು. ಜೆಸಿಬಿ ಬ್ಯಾಡಂತ ಹೇಳು."

ಉಚ್ಚೆಂಗೆಪ್ಪ ತಲೆಯಾಡಿಸಿದ. ಹೋಗುವಾಗ ನನ್ನನ್ನು ಕರೆದು ಮೆಲ್ಲಗೆ ಕೇಳಿದ: "ಸ್ವಾಮಿ, ಆ ಅರಿವಿ ಎಲ್ಲಿ ಸಿಗತೈತ್ರಿ?"

೧೬ ಏಪ್ರಿಲ್, ಸೋಮವಾರ

ಟ್ಯಾಂಕರ್ ಬಂದಿತ್ತಂತೆ. ಅರ್ಧ ನೀರು ದಾರಿಯಲ್ಲೇ ಸೋರಿತ್ತಂತೆ. ಇವರಿಂದ ಒಂದು ಕೆಲಸ ನೆಟ್ಟಗೆ ಆಗುವುದಿಲ್ಲ.

೬ ಮೇ, ಭಾನುವಾರ

ಯಶವಂತನಗರದಲ್ಲಿ ಮದುವೆ, ಅದೂ ಅದಿರು ಲಾರಿಗಳ ಊರೇ. ಮೂರು ಕ್ಯಾಮೆರಾ. ತ್ರಿವೇಣಿಯವರು ಶುರುವಿಗೆ ಮುಂಚೆ ಮೂರಕ್ಕೂ ಬಟ್ಟೆ ತೋರಿಸಿದರು. ಸೀರೆ ಒಂದೇ ಬಂತು.

ಆದರೆ ಸಂಜೆ ಟಿ.ವಿ.ಯಲ್ಲಿ ನೋಡಿದ ವರನ ತಂದೆಗೆ ಸಮಾಧಾನವಿಲ್ಲ. "ಏನ್ರೀ ಇದು, ನನ್ನ ಪಂಚೆ ಕೆಂಪು, ನಮ್ಮ ಬೀಗರ ಅಂಗಿ ಕೆಂಪು, ಮನಿ ಗ್ವಾಡಿ ಕೆಂಪು! ನಿಮಗ ಬಣ್ಣ ಹಿಡಿಯಾಕ ಬರೂದಿಲ್ಲೇನು? ಬೆಳ್ಳಗ ಮಾಡಿಕೊಡ್ರಿ." ಒಂದು ತಿಂಗಳ ಹಿಂದೆ ಹೇಳಿದ್ದರೆ ಐದು ನಿಮಿಷದ ಕೆಲಸ. ಆಗುವುದಿಲ್ಲ ಅಂದೆ. ಯಾಕೆಂದು ಕೇಳಿದರು. ನಿಮ್ಮ ಪಂಚೆಯನ್ನೇ ಕೇಳ್ರಿ ಅಂದೆ. ಗಿರಾಕಿ ಹೋಯಿತು. ಇಂಥವರಿಗೆ ಕಣ್ಣು ಕೊಟ್ಟದ್ದೇ ದೇವರು ಮಾಡಿದ ದುಂದು.

ಮನೆಗೆ ಬಂದು ಟೇಪನ್ನು ಇನ್ನೊಮ್ಮೆ ನೋಡಿದೆ. ಇಡೀ ಹಂದರದಲ್ಲಿ ಬಿಳುಪೆಂಬುದು ಎಲ್ಲೂ ಇಲ್ಲ. ಪುರೋಹಿತರ ಉತ್ತರೀಯ ಇಲ್ಲ, ಬಾಳೆ ಕಂಬಕ್ಕೆ ಸುತ್ತಿದ ಬಟ್ಟೆ ಇಲ್ಲ, ನನ್ನ ತೋಳೊಂದು ಮೂಲೆಯಲ್ಲಿ ಇಣುಕಿದೆ, ಅದೂ ಇಲ್ಲ. ಹುಡುಗಿಯ ಜಡೆಯಲ್ಲಿ ಮುಡಿಸಿದ ಮಲ್ಲಿಗೆ ಮಾತ್ರ ಬೆಳ್ಳಗಿತ್ತು. ಕ್ಯಾಮೆರಾದ ತಪ್ಪಿರಬೇಕೆಂದು ಹಿಂದೆ ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿದೆ. ಮೂರು ಕ್ಯಾಮೆರಾದಲ್ಲೂ ಬೆಳ್ಳಗಿತ್ತು.

ಹೂವು ಎಲ್ಲಿಯದೆಂದು ಯಶವಂತನಗರಕ್ಕೆ ಫೋನು ಮಾಡಿ ಕೇಳಿದೆ. ವರನ ತಂದೆ ನನ್ನ ಮೇಲಿನ ಸಿಟ್ಟಿನಲ್ಲೇ, "ಪಾಪಿನಾಯಕನಹಳ್ಳೀದ್ರಿ, ಯಾವಳೋ ಜಂಬವ್ವನ ತ್ವಾಟದ್ದು. ಯಾಕ, ಅದರಾಗೂ ಏನರ ತಪ್ಪು ಹುಡುಕ್ತೀರೇನು?" ಎಂದರು.

ಹುಡುಕಿದೆ, ಸಿಗಲಿಲ್ಲ ಎಂದು ಹೇಳಿ ಫೋನಿಟ್ಟೆ.